ಏಳು ಎನ್ನುವವರು ಯಾರು?



ನಮ್ಮಲ್ಲಿ ಕೂರಿಸುವವರಿಗೆ ಬರವಿಲ್ಲ. ಶಿಬಿರದಲ್ಲಿ ಕೂರಿಸುತ್ತಾರೆ, ಮೊಬೈಲಿನ ವಿಡಿಯೋದಲ್ಲಿ ಕೂರಿಸುತ್ತಾರೆ, ನಸುಕಿನ ನಾಲ್ಕಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಚ್ಚರಿಸಿ ಕೂರಿಸುತ್ತಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಹೇಗೆ ಇಟ್ಟುಕೊಳ್ಳಬೇಕು, ದೀಪ ಎಲ್ಲಿರಬೇಕು, ಬೆನ್ನು ಎಷ್ಟು ನೆಟ್ಟಗಿರಬೇಕು, ರೆಪ್ಪೆ ಬಡಿಯದೆ ದೃಷ್ಟಿಯನ್ನು ಹೇಗೆ ನಿಲ್ಲಿಸಬೇಕು ಎಂಬುದನ್ನೆಲ್ಲ ವಿವರವಾಗಿ ಹೇಳಿಕೊಡುತ್ತಾರೆ. ಆದರೆ ಯಾವಾಗ ಏಳಬೇಕು ಎಂದು ಹೇಳಿಕೊಟ್ಟವರನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡದ್ದು ಬಲು ಕಡಿಮೆ. ಈ ಲೇಖನ ಆ ಒಂದು ಲೋಪದ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ಇಷ್ಟಲಿಂಗ ಯೋಗದ ವಿರುದ್ಧ ನಾನು ಬರೆಯುತ್ತಿಲ್ಲ. ನಾನೂ ದಿನ ಬೆಳಗಾದರೆ ಕೂರುವವನೇ. ಗುಡಿಯ ಹೊಸ್ತಿಲಲ್ಲಿ ಕಾಯುತ್ತ ನಿಂತಿದ್ದ ಮನುಷ್ಯನ ಅಂಗೈಗೇ ದೇವರನ್ನು ತಂದುಕೊಟ್ಟು, ನಡುವೆ ಯಾವ ಪೂಜಾರಿಯೂ ಬೇಡ ಎಂದ ಧರ್ಮ ನಮ್ಮದು. ಅಷ್ಟು ದೊಡ್ಡ ಸ್ವಾತಂತ್ರ್ಯ ಕೊಟ್ಟ ಧರ್ಮದಲ್ಲಿ, ಆ ಸ್ವಾತಂತ್ರ್ಯದ ಇನ್ನೊಂದು ಅರ್ಧವನ್ನು ನಾವು ಮರೆತಿದ್ದೇವೆ. ತಾನೇ ಕೂರಲು ಬಲ್ಲವನು ತಾನೇ ಏಳಲೂ ಬಲ್ಲವನಾಗಬೇಕು. ಏಳುವುದನ್ನು ಪಾಪವೆಂದು, ಪತನವೆಂದು, ಗುರುದ್ರೋಹವೆಂದು ಹೆದರಿಸುವವರು ಪೂಜಾರಿಯನ್ನು ಬೇರೊಂದು ವೇಷದಲ್ಲಿ ಮನೆಗೆ ಕರೆತರುತ್ತಿದ್ದಾರೆ.

ನಮ್ಮ ಮನೆಯಲ್ಲಿ ನಡೆದದ್ದು

ಇದನ್ನು ಬರೆಯಲು ನನಗೇನು ಅಧಿಕಾರ ಎಂದು ಕೇಳಬಹುದು. ಅಧಿಕಾರವಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ.

ನನ್ನ ತಮ್ಮನ ಮಗನಿಗೆ ಆಗ ಇಪ್ಪತ್ತು ವರ್ಷ. ಇಂಜಿನಿಯರಿಂಗ್ ಓದುತ್ತಿದ್ದ. ಎರಡು ವಿಷಯ ಉಳಿದಿದ್ದವು, ಮನಸ್ಸು ಕುಗ್ಗಿತ್ತು. ರಜೆಯಲ್ಲಿ ಊರಿಗೆ ಬಂದವನು ಮೂರು ದಿನದ ಒಂದು ಶಿಬಿರಕ್ಕೆ ಹೋಗಿಬಂದ. ಮುಖದಲ್ಲಿ ಕಳೆ ಬಂತು, ನಮಗೂ ಸಂತೋಷವಾಯಿತು. ಆಮೇಲೆ ಮನೆಯಲ್ಲಿ ತಾನಾಗಿಯೇ 41 ದಿನದ ಸಂಕಲ್ಪ ಮಾಡಿ ಕೂತ. ಮೊದಲು ಇಪ್ಪತ್ತು ನಿಮಿಷ, ಮರುವಾರ ಒಂದು ತಾಸು, ಅದರ ಮರುವಾರ ಮೂರು ತಾಸು. ಕೊನೆಗೆ ಎಲ್ಲರೂ ಮಲಗಿದ ಮೇಲೆಯೂ ಕೂರತೊಡಗಿದ. ಮೂರನೆಯ ವಾರಕ್ಕೆ ನಿದ್ದೆ ಎರಡು ತಾಸಿಗೆ ಇಳಿದಿತ್ತು. ಕಣ್ಣು ತೆರೆದರೂ ಲಿಂಗದ ಬೆಳಕು ಗೋಡೆಯ ಮೇಲೆ ಕಾಣುತ್ತದೆ ಎಂದ. ಆಮೇಲೆ ಲಿಂಗ ತನ್ನ ಜೊತೆ ಮಾತಾಡುತ್ತದೆ ಎಂದ.

ತಮ್ಮ ಗಾಬರಿಯಾಗಿ ನನ್ನನ್ನು ಕೇಳಿದ. ಮನೆಯಲ್ಲಿ ವಚನ ಓದಿದವನೆಂಬ ಹೆಸರು ನನ್ನದು. ನಾನು, ‘ಬಿಡಿಸಬೇಡ, ಹುಡುಗ ಏರುತ್ತಿದ್ದಾನೆ’ ಎಂದೆ. ಶಿಬಿರ ನಡೆಸಿದವರಿಗೆ ಫೋನ್ ಮಾಡಿದೆವು. ಅವರು, ‘ಪ್ರಾಣಲಿಂಗಿ ಸ್ಥಲದ ಬಾಗಿಲಿಗೆ ಬಂದಿದ್ದಾನೆ, ಈಗ ಎದ್ದರೆ ಬಿದ್ದ ಹಾಗೆ’ ಎಂದರು. ಓಣಿಯ ಇಬ್ಬರು ಹೆಣ್ಣುಮಕ್ಕಳು ಬಂದು ಅವನ ಕಾಲಿಗೆ ನಮಸ್ಕಾರ ಮಾಡಿ ಹೋದರು. ನನಗೆ ಅದು ತಪ್ಪೆನ್ನಿಸಲಿಲ್ಲ, ಹೆಮ್ಮೆಯೆನ್ನಿಸಿತು.

ಮೂವತ್ತನೆಯ ದಿನ ಅವನು ಊಟ ಬಿಟ್ಟ. ಲಿಂಗವೇ ಬೇಡ ಎಂದಿದೆ ಎಂದ. ಆಗ ನನ್ನ ಅವ್ವ ಅವನ ಮಗ್ಗುಲಿಗೆ ಹೋಗಿ ಕೂತಳು. ಓದು ಬರಹ ಬಾರದ ಎಂಬತ್ತು ದಾಟಿದ ಮುದುಕಿ. ‘ಸಾಕೋ ತಮ್ಮಾ, ಏಳು. ಆಕಳ ಹಸಗೊಂಡು ನಿಂತಾವ. ಲಿಂಗಪ್ಪ ಎಲ್ಲಿಗೂ ಓಡಿ ಹೋಗೂದಿಲ್ಲ’ ಎಂದಳು. ಅವನು ಎದ್ದ. ಹಿತ್ತಲಿಗೆ ಹೋಗಿ ಮೇವು ಹಾಕಿದ.

ಇದು ಪವಾಡದ ಕತೆಯಲ್ಲ. ಅಂದು ರಾತ್ರಿಯೇ ಅವನು ಕೂಗಾಡಿದ. ಮರುದಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಒಯ್ದೆವು. ತಿಂಗಳುಗಟ್ಟಲೆ ಔಷಧ, ಒಂದು ವರ್ಷದ ಓದು ಹೋಯಿತು. ಈಗ ಚೆನ್ನಾಗಿದ್ದಾನೆ, ಓದು ಮುಗಿಸಿ ದುಡಿಯುತ್ತಿದ್ದಾನೆ. ವೈದ್ಯರು ಧ್ಯಾನವನ್ನು ಬೈಯಲಿಲ್ಲ. ಕಾಯಿಲೆಯ ಬೀಜ ಮೊದಲೇ ಇದ್ದಿರಬಹುದು, ನಿದ್ದೆಗೇಡು ಅದನ್ನು ಮೊಳೆಯಿಸಿರಬಹುದು ಎಂದರು. ಆಮೇಲೆ ಒಂದೇ ಮಾತು ಕೇಳಿದರು: ಎರಡು ವಾರ ಮೊದಲೇ ಏಕೆ ಕರೆತರಲಿಲ್ಲ? ಆ ಎರಡು ವಾರಗಳಿಗೆ ನಾನು ಉತ್ತರ ಕೊಡಬೇಕಾದವನು. ಮುಂದುವರಿಸು ಎಂದವರಲ್ಲಿ ನಾನೂ ಒಬ್ಬ.

ಅನಿಮಿಷಯ್ಯನ ಕೈಯ ಲಿಂಗ

ಹೀಗೆ ಹೇಳಿದಾಗಲೆಲ್ಲ ನಮ್ಮವರೇ ಒಂದು ಕತೆಯನ್ನು ಮುಂದಿಡುತ್ತಾರೆ. ಹರಿಹರನ ಪ್ರಭುದೇವರ ರಗಳೆಯಲ್ಲಿ ಬರುವ ಅನಿಮಿಷಯ್ಯನ ಕತೆ. ಕಾಮಲತೆಯನ್ನು ಕಳೆದುಕೊಂಡು ಅಲೆಯುತ್ತಿದ್ದ ಅಲ್ಲಮನ ಕಾಲುಗುರಿಗೆ ನೆಲದಲ್ಲಿ ಹೂತಿದ್ದ ಗುಡಿಯ ಕಳಸ ಸಿಕ್ಕುತ್ತದೆ. ಅಗೆಸಿ ಒಳಹೊಕ್ಕರೆ ಅಲ್ಲಿ ಕೈಯಲ್ಲಿ ಲಿಂಗ ಹಿಡಿದು, ರೆಪ್ಪೆ ಬಡಿಯದೆ ಕೂತ ಯೋಗಿ. ‘ನೋಡಿ, ಅವನು ಎದ್ದನೇ? ಮಣ್ಣು ಮುಚ್ಚಿದರೂ ಏಳಲಿಲ್ಲ. ನೀವು ಮೂರು ತಾಸಿಗೇ ಹೆದರುತ್ತೀರಿ’ ಎನ್ನುತ್ತಾರೆ.

ಕತೆಯನ್ನು ಅರ್ಧಕ್ಕೇ ನಿಲ್ಲಿಸಬೇಡಿ ಸ್ವಾಮಿ, ಮುಂದೇನಾಯಿತು ನೋಡಿ. ಆ ಲಿಂಗ ಅಲ್ಲಮನ ಕೈಗೆ ಬಂತು. ಅಲ್ಲಮ ಆ ಗವಿಯಲ್ಲೇ ಇನ್ನೊಬ್ಬ ಅನಿಮಿಷನಾಗಿ ಕೂತನೇ? ಇಲ್ಲ. ಹೊರಗೆ ಬಂದ. ನಾಡು ಸುತ್ತಿದ. ಸಿಕ್ಕ ಸಿಕ್ಕ ಸಾಧಕರನ್ನು ಮಾತಾಡಿಸಿದ, ಕೆಣಕಿದ, ತಿದ್ದಿದ. ಕಲ್ಯಾಣಕ್ಕೆ ಬಂದು ಶೂನ್ಯಪೀಠವೇರಿದ. ಕೂತ ಯೋಗಿಯ ಕೈಯಿಂದ ನಡೆಯುವ ಜಂಗಮನ ಕೈಗೆ ಲಿಂಗ ಬಂತು ಎಂಬುದೇ ಆ ಕತೆಯ ತಿರುಳು ಎಂದು ನಾನು ತಿಳಿದಿದ್ದೇನೆ. ನಮ್ಮ ಪರಂಪರೆ ಆರಂಭವಾಗುವುದು ಗವಿಯೊಳಗಲ್ಲ, ಗವಿಯಿಂದ ಹೊರಬಂದ ಮೇಲೆ.

ಇನ್ನು ಅನುಭವಗಳ ಮಾತು. ಬೆಳಕು ಕಂಡಿತು, ನಾದ ಕೇಳಿತು, ಮೈ ಹಗುರವಾಯಿತು. ಇವನ್ನೇ ಸಾಧನೆಯ ಅಳತೆ ಎನ್ನುವವರು ಗೋರಕ್ಷನ ಪ್ರಸಂಗವನ್ನು ನೆನೆಯಲಿ. ಕತ್ತಿಯಿಂದ ಹೊಡೆದರೆ ಖಣ್ ಎನ್ನುವ ವಜ್ರದ ದೇಹವನ್ನು ಅವನು ಸಾಧಿಸಿದ್ದ. ಪ್ರಭುಗಳು ಅದನ್ನು ಮೆಚ್ಚಲಿಲ್ಲ. ದೇಹವನ್ನು ವಜ್ರ ಮಾಡಿಕೊಂಡು ‘ನಾನು’ ಎಂಬುದನ್ನು ಹಾಗೇ ಉಳಿಸಿಕೊಂಡರೆ ಬಂದ ಲಾಭವೇನು? ಅಂಥ ಸಿದ್ಧಿಗೇ ಬೆಲೆ ಕೊಡದ ಪರಂಪರೆಯವರು ನಾವು, ನಿದ್ದೆಗೆಟ್ಟ ಹುಡುಗನಿಗೆ ಗೋಡೆಯ ಮೇಲೆ ಕಂಡ ಬೆಳಕಿಗೆ ಕೈಮುಗಿದೆವು.

ಲಕ್ಕಮ್ಮನ ಎಚ್ಚರ

ಯಾವಾಗ ಏಳಬೇಕು ಎಂಬ ಪ್ರಶ್ನೆಗೆ ಶರಣರಲ್ಲಿ ಉತ್ತರವಿಲ್ಲವೇ? ಇದೆ. ಆಯ್ದಕ್ಕಿ ಲಕ್ಕಮ್ಮನೇ ಆ ಉತ್ತರ.

ಲಕ್ಕಮ್ಮನೆಂದರೆ ನಮಗೆ ಅಕ್ಕಿಯ ಪ್ರಸಂಗ ಮಾತ್ರ ನೆನಪಾಗುತ್ತದೆ. ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದ. ನಮಗೆ ಇಷ್ಟು ಬೇಡ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಅವಳು ಅವನನ್ನು ಹಿಂದಕ್ಕೆ ಕಳಿಸಿದಳು. ದಿನದಿನದ ಅಗತ್ಯಕ್ಕಿಂತ ಹೆಚ್ಚಿನದು ಆಸೆ ಎಂಬ ನ್ಯಾಯ ಅದು. ಈ ನ್ಯಾಯವನ್ನು ನಾವು ಹಣಕ್ಕೆ ಅನ್ವಯಿಸಿ ಭಾಷಣ ಮಾಡುತ್ತೇವೆ. ಸಾಧನೆಗೆ ಅನ್ವಯಿಸುವುದಿಲ್ಲ. ಅನುಭವದ ಆಸೆಯೂ ಆಸೆಯೇ. ನಾಳೆಯ ಬೆಳಕನ್ನು ಇಂದೇ ಗಂಟು ಕಟ್ಟಿಕೊಳ್ಳಲು ಹೊರಟವನೂ ಹೆಚ್ಚಿನ ಅಕ್ಕಿ ತಂದವನೇ.

ಶೂನ್ಯಸಂಪಾದನೆಯಲ್ಲಿ ಇನ್ನೊಂದು ಪ್ರಸಂಗವಿದೆ. ಅದನ್ನು ನಾವು ಓದಿಯೂ ಓದದವರಂತೆ ದಾಟಿಬಿಡುತ್ತೇವೆ. ಮಾರಯ್ಯ ಪ್ರಭುಗಳೊಂದಿಗೆ ಅನುಭಾವದ ಮಾತಿನಲ್ಲಿ ಮುಳುಗಿ ಮೈಮರೆತಿದ್ದಾನೆ. ಲಕ್ಕಮ್ಮ ಬಂದು ಕಾಯಕ ನಿಂತುಹೋದದ್ದನ್ನು ಅವನಿಗೆ ನೆನಪಿಸುತ್ತಾಳೆ. ಯೋಚಿಸಿ. ಎದುರಿಗೆ ಕೂತವರು ಸಾಕ್ಷಾತ್ ಅಲ್ಲಮಪ್ರಭುಗಳು. ಅದಕ್ಕಿಂತ ದೊಡ್ಡ ಶಿಬಿರ ಯಾವುದು? ಆದರೂ ಅವಳಿಗೆ ಏಳು ಎನ್ನುವ ಧೈರ್ಯವಿತ್ತು. ಮಾರಯ್ಯ ಸಿಟ್ಟಾಗಲಿಲ್ಲ, ಎದ್ದು ನಡೆದ. ಅದನ್ನು ಯಾರೂ ಗುರುದ್ರೋಹ ಎನ್ನಲಿಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪಕ್ಕೆ ಇದ್ದ ಈ ಸೈರಣೆ ಇಂದಿನ ಶಿಬಿರಗಳಿಗೆ ಏಕಿಲ್ಲ?

ಮಾಲೆ ಬಿಟ್ಟವರು ಗಡಿಯಾರ ಹಿಡಿದೆವು

ಸುಧಾರಕರೆನ್ನಿಸಿಕೊಂಡ ನಾವು ಜಪಮಾಲೆ ಎಣಿಸುವವರನ್ನು ಕಂಡು ನಗುತ್ತೇವೆ. ಲಕ್ಷ ಬಿಲ್ವಾರ್ಚನೆಯನ್ನು ಲೆಕ್ಕದ ಭಕ್ತಿ ಎನ್ನುತ್ತೇವೆ. ಸರಿಯೇ. ಆದರೆ ನಮ್ಮ ಗುಂಪುಗಳಲ್ಲಿ ಏನು ನಡೆಯುತ್ತಿದೆ? ‘ನನ್ನದು ಇಂದಿಗೆ 90 ದಿನ’, ‘ನಾನು ಎರಡು ತಾಸು ಅಲುಗಾಡಲಿಲ್ಲ’, ‘ಮೊದಲ ಲೆವೆಲ್ ಮುಗಿಯಿತು, ಎರಡನೆಯ ಲೆವೆಲ್‌ಗೆ ಹೆಸರು ಹಚ್ಚಿದ್ದೇನೆ’. ಮಾಲೆಯ ಮಣಿ ಹೋಗಿ ಗಡಿಯಾರದ ನಿಮಿಷ ಬಂತು. ಒಂದು ದಿನ ತಪ್ಪಿದರೆ ಮೊಬೈಲಿನ ಆ್ಯಪ್ ಲೆಕ್ಕವನ್ನು ಸೊನ್ನೆಗೆ ಇಳಿಸುತ್ತದೆ. ಆ ಸೊನ್ನೆಗೆ ಹೆದರಿ ಜ್ವರದಲ್ಲೂ ಕೂತವರನ್ನು ನಾನು ಬಲ್ಲೆ. ಇದು ಸಾಧನೆಯೋ, ಸಾಲದ ಕಂತೋ?

ಷಟ್‌ಸ್ಥಲವೂ ಈಗ ಮಾರಾಟದ ಮೆಟ್ಟಿಲಾಗುತ್ತಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಇವು ನಡೆಯ ನೆಲೆಗಳು. ಭಕ್ತನೆಂದರೆ ಹೇಗೆ ಬಾಳುವವನು, ಪ್ರಸಾದಿಯೆಂದರೆ ಹೇಗೆ ಸ್ವೀಕರಿಸುವವನು ಎಂಬುದರ ವಿವರ. ಫೋನಿನಲ್ಲಿ ಎರಡು ಮಾತು ಕೇಳಿ, ಕಾಣದ ಹುಡುಗನಿಗೆ ಇಂಥ ಸ್ಥಲ ಎಂದು ಚೀಟಿ ಅಂಟಿಸುವುದು ಜ್ಯೋತಿಷಿಯ ಕೆಲಸ. ಶರಣರು ದೂರವಿಟ್ಟದ್ದನ್ನೇ ನಾವು ಕಾವಿ ಹೊದಿಸಿ ಒಳಗೆ ಕರೆದುಕೊಂಡೆವು.

ಹಾಗಾದರೆ ಬಿಟ್ಟೇಬಿಡಬೇಕೇ?

ಇಲ್ಲ. ಇನ್ನೊಂದು ತಪ್ಪು ದಾರಿಯೂ ಇದೆ. ‘ಕಾಯಕವೊಂದಿದ್ದರೆ ಸಾಕು, ಕಣ್ಣು ಮುಚ್ಚಿ ಕೂರುವುದೆಲ್ಲ ಸೋಮಾರಿಗಳ ಕೆಲಸ’ ಎನ್ನುವ ಗೆಳೆಯರು ನಮ್ಮ ಚಳವಳಿಯಲ್ಲೇ ಇದ್ದಾರೆ. ಅವರು ಸೊನ್ನಲಿಗೆಯ ಪ್ರಸಂಗವನ್ನು ನೆನಪಿಸಿಕೊಳ್ಳಲಿ. ಸಿದ್ಧರಾಮನಷ್ಟು ದುಡಿದವರು ಯಾರು? ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ, ಸಾವಿರಾರು ಜನರಿಗೆ ನೆರಳಾದ. ಆದರೂ ಪ್ರಭುಗಳು ಅಲ್ಲಿಗೆ ಹೋಗಿ ಅವನನ್ನು ಕೆಣಕಿದರು, ಹೊರಗಿನ ಕಟ್ಟಡದ ಜೊತೆ ಒಳಗಿನದನ್ನು ನೋಡು ಎಂದು ಎಚ್ಚರಿಸಿ ಕಲ್ಯಾಣಕ್ಕೆ ಕರೆತಂದರು. ಮಾರಯ್ಯನಿಗೆ ಏಳು ಎಂದದ್ದೂ, ಸಿದ್ಧರಾಮನಿಗೆ ಒಳಗೆ ನೋಡು ಎಂದದ್ದೂ ಒಂದೇ ಪರಂಪರೆ. ಯಾರಿಗೆ ಯಾವಾಗ ಯಾವುದು ಎಂಬುದನ್ನು ತಿಳಿಯುವುದೇ ಅರಿವು.

ಹಾಗಾಗಿ ಸುಲಭಕ್ಕೆ ಎದ್ದುಹೋಗುವ ನೆಪಗಳನ್ನೂ ಹೇಳಿಬಿಡಬೇಕು. ಬೇಸರ ಬಂದರೆ ಏಳಬೇಡಿ. ಕಾಲು ಜೋಮು ಹಿಡಿದರೆ ಕಾಲು ಬದಲಿಸಿ, ಕುರ್ಚಿಯ ಮೇಲೆ ಕೂರಿ, ಅಭ್ಯಾಸ ಬಿಡಬೇಡಿ. ಮನಸ್ಸು ಸಂತೆಗೆ ಹೋದರೆ ಕರೆದು ತನ್ನಿ, ಅದು ಎಲ್ಲರದೂ ಹೋಗುತ್ತದೆ. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ ಎಂದರೆ ಅದು ನಿಲ್ಲಿಸಲು ಕಾರಣವೇ ಅಲ್ಲ. ಹಳೆಯ ದುಃಖವೊಂದು ಮೇಲೆ ಬಂದು ನಾಲ್ಕು ಹನಿ ಕಣ್ಣೀರು ಬಂದು, ಎದ್ದ ಮೇಲೆ ಮನಸ್ಸು ತಿಳಿಯಾದರೆ ಹೆದರಬೇಡಿ. ಎದ್ದ ಮೇಲೆ ಮನೆಯವರೊಂದಿಗೆ ಮಾತು ಮೆತ್ತಗಾಗಿದೆಯೇ, ಕೆಲಸದಲ್ಲಿ ಗಮನ ನಿಂತಿದೆಯೇ, ರಾತ್ರಿ ನಿದ್ದೆ ಬರುತ್ತಿದೆಯೇ? ಹೌದಾದರೆ ಮುಂದುವರಿಸಿ.

ಈಗ ಏಳಬೇಕಾದ ಹೊತ್ತು. ನಾಲ್ಕಾರು ರಾತ್ರಿ ನಿದ್ದೆ ಕೆಟ್ಟಿದೆ, ಆದರೂ ದಣಿವೇ ಇಲ್ಲ ಎನ್ನಿಸುತ್ತಿದೆ. ಕೂತಾಗಿನ ಭಯ ಹಗಲೆಲ್ಲ ಬೆನ್ನು ಹತ್ತಿದೆ. ಮೈ ತನ್ನದಲ್ಲ, ಲೋಕ ನಿಜವಲ್ಲ ಎಂಬ ಭಾವನೆ ಎದ್ದ ಮೇಲೂ ಹೋಗುತ್ತಿಲ್ಲ. ಅನ್ನ ಸೇರುತ್ತಿಲ್ಲ. ಯಾರೋ ಆಜ್ಞೆ ಮಾಡಿದಂತೆ ದನಿ ಕೇಳುತ್ತಿದೆ. ತಾನೊಬ್ಬನೇ ಆರಿಸಲ್ಪಟ್ಟವನು ಎನ್ನಿಸುತ್ತಿದೆ. ಸಾಯಬೇಕೆಂಬ ಯೋಚನೆ ಬರುತ್ತಿದೆ. ಇವುಗಳಲ್ಲಿ ಒಂದಿದ್ದರೂ ಅಂದೇ ನಿಲ್ಲಿಸಿ, ಮನೆಯವರಿಗೆ ಹೇಳಿ, ವೈದ್ಯರ ಬಳಿ ಹೋಗಿ. ಸಾಯುವ ಯೋಚನೆಯಾಗಲಿ ಆಜ್ಞೆಯ ದನಿಯಾಗಲಿ ಇದ್ದರೆ ಒಂದು ರಾತ್ರಿಯೂ ಕಾಯಬೇಡಿ, ಒಬ್ಬರೇ ಇರಬೇಡಿ. ಕಣ್ಣಿನ ವಿಷಯವೂ ಹಾಗೆಯೇ. ಉರಿ, ನೋವು, ಮಬ್ಬು ಬಂದರೆ ರೆಪ್ಪೆ ಮುಚ್ಚಿ. ಗ್ಲಾಕೋಮಾ ಇದ್ದವರು, ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ಕಣ್ಣಿನ ವೈದ್ಯರನ್ನು ಕೇಳದೆ ದೃಷ್ಟಿ ನೆಡುವ ಅಭ್ಯಾಸಕ್ಕೆ ಹೋಗಬೇಡಿ.

ಇದೇನೂ ನಮ್ಮ ಧರ್ಮಕ್ಕೆ ಮಾತ್ರ ಬಂದ ಕಷ್ಟವಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಪಾಶ್ಚಾತ್ಯ ದೇಶಗಳ ಬೌದ್ಧ ಧ್ಯಾನಿಗಳನ್ನು ಸಂದರ್ಶಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಭಯ, ನಿದ್ದೆಗೇಡು, ತನ್ನತನ ಕಳೆದುಹೋದ ಭಾವನೆ ಮುಂತಾದವುಗಳ ವಿವರ ಇದೆ. ಬೇರೆಯವರು ತಮ್ಮ ಸಾಧನೆಯ ತೊಡಕುಗಳನ್ನು ಬಿಚ್ಚಿ ನೋಡುತ್ತಿದ್ದಾರೆ. ನಾವು ಮುಚ್ಚಿಟ್ಟು ಜೈಕಾರ ಹಾಕುತ್ತಿದ್ದೇವೆ.

ಒಂದು ಭಯವನ್ನು ಬಿಡಿಸಬೇಕು. ಲಿಂಗಧಾರಣೆ ಬೇರೆ, ಗಂಟೆಗಟ್ಟಲೆ ದೃಷ್ಟಿ ನೆಡುವ ಅಭ್ಯಾಸ ಬೇರೆ. ಎರಡನೆಯದನ್ನು ನಿಲ್ಲಿಸಿದರೆ ಮೊದಲನೆಯದನ್ನು ಬಿಟ್ಟಂತಲ್ಲ. ಕಾಯಿಲೆಯವನ ಕೊರಳಲ್ಲೂ ಲಿಂಗ ಇರುತ್ತದೆ. ವಿಭೂತಿ ಹಚ್ಚಿ, ಎರಡು ನಿಮಿಷ ಲಿಂಗಕ್ಕೆ ಕೈಮುಗಿದು, ಮಾತ್ರೆ ನುಂಗಿ ಕೆಲಸಕ್ಕೆ ಹೋದವನೂ ಲಿಂಗವಂತನೇ. ಮಾತ್ರೆ ನುಂಗಿದರೆ ಸಾಧನೆ ಕೆಟ್ಟಿತು ಎನ್ನುವವನು ಸಕ್ಕರೆ ಕಾಯಿಲೆಯವನಿಗೂ ಹಾಗೆಯೇ ಹೇಳುತ್ತಾನೆಯೇ?

ಮಠಗಳಿಗೆ, ಶಿಬಿರದವರಿಗೆ ನನ್ನ ಕೇಳಿಕೆ

ಪೂಜ್ಯರಲ್ಲಿ ಶರಣೆಂದು ಕೇಳುತ್ತೇನೆ, ಆದರೆ ಮೆಲುದನಿಯಲ್ಲಿ ಕೇಳಲಾರೆ.

ಶಿಬಿರದ ಮೊದಲ ದಿನವೇ ಏಳುವುದನ್ನು ಕಲಿಸಿ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಎದ್ದು ಹೋಗಬಹುದು ಎಂದು ಎಲ್ಲರೆದುರು ಹೇಳಿ. ಹೆಸರು ಬರೆದುಕೊಳ್ಳುವಾಗ ಕಾಣಿಕೆಯ ಮೊತ್ತ ಕೇಳುವ ಮೊದಲು ನಿದ್ದೆ ಹೇಗಿದೆ, ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂದು ಗುಟ್ಟಾಗಿ ಕೇಳಿ. ವೈದ್ಯರು ಬರೆದ ಔಷಧವನ್ನು ಬಿಡು ಎಂದು ಹೇಳುವ ಅಧಿಕಾರ ಯಾವ ಶಿಬಿರದವರಿಗೂ ಇಲ್ಲ ಎಂಬುದನ್ನು ಗೋಡೆಯ ಮೇಲೆ ಬರೆಸಿ. ಹದಿಹರೆಯದವರನ್ನು, ಇಪ್ಪತ್ತರ ಆಸುಪಾಸಿನವರನ್ನು ದೀರ್ಘ ಮೌನಕ್ಕೆ, ಜಾಗರಣೆಗೆ ಕೂರಿಸಬೇಡಿ. ಮನಸ್ಸಿನ ದೊಡ್ಡ ಕಾಯಿಲೆಗಳು ಹೆಚ್ಚಾಗಿ ತಲೆಯೆತ್ತುವುದು ಆ ವಯಸ್ಸಿನಲ್ಲೇ.

ಶಿಬಿರ ಮುಗಿಸಿ ಮನೆಗೆ ಹೋಗುವವರಿಗೆ ‘ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು’ ಎನ್ನಬೇಡಿ, ಇಂತಿಷ್ಟೇ ಎಂಬ ಮಿತಿ ಹಾಕಿ ಕಳಿಸಿ. ಮನೆಯ ಒಬ್ಬರನ್ನು ಕರೆದು ಕಣ್ಣಿಡಲು ಹೇಳಿ. ಫೋನಿನಲ್ಲಿ ಯಾರಾದರೂ ‘ಹುಡುಗ ಮಲಗುತ್ತಿಲ್ಲ’ ಎಂದರೆ ಸ್ಥಲದ ಹೆಸರು ಹೇಳಬೇಡಿ, ಆಸ್ಪತ್ರೆಯ ದಾರಿ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ನಡೆಯುತ್ತಿದೆ. 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಸಂಖ್ಯೆ ಪ್ರತಿ ಮಠದ ದಾಸೋಹ ಮನೆಯ ಬಾಗಿಲಲ್ಲಿ ಇರಲಿ. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಎಲ್ಲರೂ ಹೋಗಬೇಕಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ.

‘ಇಷ್ಟೆಲ್ಲ ಹೇಳಿದರೆ ಜನ ಹೆದರಿ ಶಿಬಿರಕ್ಕೆ ಬರುವುದಿಲ್ಲ’ ಎನ್ನುವವರಿದ್ದಾರೆ. ಬಾವಿಗೆ ಕಟ್ಟೆ ಕಟ್ಟಿದರೆ ನೀರಿಗೆ ಬರುವವರು ಕಡಿಮೆಯಾಗುತ್ತಾರೆಯೇ? ಮಕ್ಕಳನ್ನು ನಂಬಿ ಕಳಿಸುತ್ತಾರೆ, ಅಷ್ಟೆ.

ಕೊನೆಗೊಂದು ಮಾತು ಮನೆಯ ಹಿರಿಯರಿಗೆ, ಅಂದರೆ ನನ್ನಂಥವರಿಗೆ. ನಾವು ಓದಿದ್ದು ಹೆಚ್ಚು, ನೋಡಿದ್ದು ಕಡಿಮೆ. ನಾನು ಹುಡುಗನಲ್ಲಿ ಸ್ಥಲ ಹುಡುಕುತ್ತಿದ್ದಾಗ ನನ್ನ ಅವ್ವ ಅವನ ಬತ್ತಿದ ತುಟಿ ನೋಡಿದಳು, ಹಸಿದ ಆಕಳು ನೋಡಿದಳು. ಲಕ್ಕಮ್ಮನ ಹೆಸರನ್ನು ಅವಳು ಕೇಳಿದ್ದಳೋ ಇಲ್ಲವೋ, ಲಕ್ಕಮ್ಮನ ಕೆಲಸವನ್ನಂತೂ ಮಾಡಿದಳು. ಈಗ ನಮ್ಮ ಹುಡುಗ ಬೆಳಗ್ಗೆ ಹತ್ತು ನಿಮಿಷ ಕೂರುತ್ತಾನೆ. ವೈದ್ಯರನ್ನು ಕೇಳಿಯೇ ಕೂರುತ್ತಾನೆ. ನಿದ್ದೆ ಸರಿಯಾಗದ ದಿನ ಕೂರುವುದಿಲ್ಲ. ‘ಇಂದು ಬಿಟ್ಟೆ ದೊಡ್ಡಪ್ಪಾ’ ಎಂದು ನಗುತ್ತ ಹೇಳುತ್ತಾನೆ. ಆ ದಿನವೂ ಅವನ ಸಾಧನೆ ತಪ್ಪಿತೆಂದು ನನಗೀಗ ಅನ್ನಿಸುವುದಿಲ್ಲ.

ನಿಮ್ಮ ಮನೆಯಲ್ಲಿ, ನಿಮ್ಮ ಮಠದಲ್ಲಿ ಯಾರಾದರೂ ಕೂತಿದ್ದರೆ ಇಂದೇ ಹೋಗಿ ನೋಡಿ. ಉಂಡಿದ್ದಾರೆಯೇ, ಮಲಗಿದ್ದಾರೆಯೇ ಎಂದು ಕೇಳಿ. ಬೇಕೆನ್ನಿಸಿದರೆ ಏಳು ಎನ್ನಿ.